ಚಂದವ್ವ ಕೂತ ಪರಸಿ

ಆ ಮುದುಕಿ ಕೂತ ಜಾಗ ಸರಿಯಿರಲಿಲ್ಲ.

ಏನು ಸರಿಯಿಲ್ಲ ಎಂದು ಆಗ ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಕೆಂಗಲಕೊಪ್ಪದ ಹಳೆಯ ಚರ್ಚಿನ ಬಾಗಿಲಲ್ಲಿ ಬೂಟು ಬಿಚ್ಚಿ, ಪೊಲೀಸ್ ಟೊಪ್ಪಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದೆ. ಒಳಗೆ ಕಳೆದುಹೋದ ಗಂಟೆಗಾಗಿ ಪ್ರಾರ್ಥನೆ ನಡೆದಿತ್ತು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ಎಲ್ಲರೂ ನೆಲದ ಮೇಲೆ, ಚಾಪೆ ಹಾಸಿಕೊಂಡು. ಎಲ್ಲರ ಕಣ್ಣು ಮುಚ್ಚಿದ್ದವು.

ಚಂದವ್ವನ ಕಣ್ಣು ಮಾತ್ರ ತೆರೆದಿದ್ದವು. ಅವು ನನ್ನ ಮೇಲೆಯೇ ಇದ್ದವು.

ಚಂದವ್ವ ಆ ಚರ್ಚಿನ ಕಸ ಹೊಡೆಯುವವಳು, ಬೀಗ ತೆಗೆಯುವವಳು, ಗಂಟೆ ಬಾರಿಸುವವಳು. ಗಂಡನ ಮನೆಯವರು ಹಿಂದಿನಿಂದಲೂ ಕುಪ್ಪಸದ ಖಣ ನೇಯುವವರು. ಗಂಟೆ ಹೋದ ದಿನ ಎಲ್ಲರಿಗಿಂತ ಹೆಚ್ಚು ಅತ್ತವಳೂ ಅವಳೇ.

ಗಂಟೆ ಕದ್ದವನು ಸಿಕ್ಕಿದ್ದ. ಸಿಕ್ಕಿದ್ದಾನೆ ಎಂದು ನಾನು ನಂಬಿದ್ದೆ. ಚರ್ಚಿನ ಗಂಟೆಗೂಡಿನ ರಿಪೇರಿಗೆ ಬಂದಿದ್ದ ಗೌಂಡಿ ರಮಜಾನನನ್ನು ನಿನ್ನೆ ಅಮೀನಗಡದಲ್ಲಿ ಹಿಡಿದು ಲಾಕಪ್ಪಿಗೆ ಹಾಕಿದ್ದೆ.

ಹಿಡಿದೆ ಎಂದರೆ ಸಾಲದು. ಬಸ್ಸು ನಿಲ್ಲುವ ಕಡೆ, ಕರದಂಟಿನ ಅಂಗಡಿಯ ಮುಂದೆ, ಅಷ್ಟು ಮಂದಿಯ ನಡುವೆ ಅವನ ಕೆನ್ನೆಗೆ ಹೊಡೆದೆ. ಅವನ ಕೈಯಲ್ಲಿದ್ದ ಡಬ್ಬಿ ಬಿದ್ದು ಒಡೆದು ಕರದಂಟು ರಸ್ತೆಯ ತುಂಬ ಚೆಲ್ಲಿತು. ಅವನು ಬಗ್ಗಿ ಆರಿಸಿಕೊಳ್ಳಲು ಹೋದ. ನಾನು ಬೂಟುಗಾಲು ಅದರ ಮೇಲೆ ಇಟ್ಟೆ.

"ಸಾಹೇಬ್ರ, ಅದು ಬಾಣಂತಿ ಮಗಳಿಗೆ ತಗೊಂಡದ್ರಿ," ಎಂದ. ಅಷ್ಟೇ. ಹೊಡೆದದ್ದಕ್ಕೆ ಒಂದು ಮಾತೂ ಆಡಲಿಲ್ಲ.

ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಚಳಿಯೆಂದು ನನಗೆ ನಾನೇ ಹೇಳಿಕೊಂಡೆ. ಅಪ್ಪ ನೇಯ್ದ ಕಂಬಳಿಗೆ ನುಸಿ ಬಿದ್ದಿದೆ, ಬೇವಿನೆಲೆ ಹಾಕಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ ಎಂದಿದ್ದಳು ಅವ್ವ. ತೆಳ್ಳನೆಯ ಚಾದರ ಹೊದ್ದು ಮಲಗಿದ್ದೆ. ಚಾದರದ ತಪ್ಪು ಏನೂ ಇರಲಿಲ್ಲ.

ಬೆಳಿಗ್ಗೆ ಠಾಣೆಯಲ್ಲಿ ಪಿ.ಎಸ್.ಐ. ಪದ್ಮಜಾ ಮೇಡಂ ಲಾಕಪ್ಪಿನ ಒಳಗೆ ಇಣುಕಿ ನೋಡಿ ನನ್ನ ಕಡೆ ತಿರುಗಿದ್ದರು. ನನಗಿಂತ ಬಹಳ ಚಿಕ್ಕವರು, ದನಿ ಏರಿಸುವವರಲ್ಲ.

"ಬೀರಲಿಂಗಪ್ಪನವರ, ಅವನ ಕೆನ್ನಿ ಯಾಕ ಬಾತದ?"

"ಬಿದ್ದಿರಬೇಕ್ರಿ ಮೇಡಂ."

"ಎಲ್ಲಿ ಬಿದ್ದಾ? ನಿಮ್ಮ ಕೈ ಮ್ಯಾಲೇನು?"

ನಾನು ಕೈಯನ್ನು ಬೆನ್ನ ಹಿಂದೆ ಸರಿಸಿದೆ.

"ಇವತ್ತ ಮಧ್ಯಾಹ್ನ ಅವನ್ನ ಹುನಗುಂದಕ್ಕ ಕೋರ್ಟಿಗೆ ಕಳಸಬೇಕು. ಜೈಲಿಗೆ ಹೋದಾ ಅಂದ್ರ ಅವನಿಗೆ ಮುಂದ ಯಾರೂ ಕೆಲಸ ಕೊಡೂದಿಲ್ಲ. ನೋಡಿದೆ ಅಂದವ್ರು ನಿಮ್ಮ ಅಣ್ಣ. ಅವರ ಹೇಳಿಕಿ ಎಲ್ಲದ? ಅದನ್ನ ತಗೊಂಡ ಬರ್ರಿ. ಆಮ್ಯಾಲೆ ನೋಡೂಣು."

ಅಣ್ಣ ಮಾಳಿಂಗಪ್ಪ ಕುರಿ ಕಾಯುವವನು. ಚರ್ಚಿನ ಹಿಂದಿನ ಹೊಲದಲ್ಲಿ ಅವನ ಕುರಿ ಹಿಂಡು ನಿಂತಿತ್ತು. ಗಂಟೆ ಹೋದ ರಾತ್ರಿ ರಮಜಾನ ತನ್ನ ಟಂಟಂ ಗಾಡಿಯಲ್ಲಿ ಏನೋ ಭಾರದ್ದನ್ನು ಹೇರಿಕೊಂಡು ಹೋದದ್ದನ್ನು ಅವನು ನೋಡಿದ್ದನಂತೆ.

ಅಂತೆ. ಅವನು ನನ್ನ ಮುಂದೆ ಹೇಳಿರಲಿಲ್ಲ. ನನ್ನ ಅವ್ವ ರಂಗವ್ವ ರೊಟ್ಟಿ ಬಡಿಸುತ್ತ ಹೇಳಿದ್ದಳು. "ನಿಮ್ಮಣ್ಣ ಮಾಳ್ಯಾ ನೋಡ್ಯಾನಂತ, ಆ ಗೌಂಡಿ ಏನೋ ಹೇರಕೊಂಡ ಹೋದನಂತ." ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಜೀಪು ಹತ್ತಿದವನು ನಾನು. ರಮಜಾನನ ಟಂಟಂನಲ್ಲಿ ಗಂಟೆಯ ಹಳೆಯ ಹಗ್ಗ ಸಿಕ್ಕಿತು. ಆ ಹಗ್ಗ ಬಿಚ್ಚುವ ಕೆಲಸವನ್ನೂ ಅವನಿಗೇ ಒಪ್ಪಿಸಿದ್ದರು ಎಂದು ಆಮೇಲೆ ಗೊತ್ತಾಯಿತು. ಆಗ ಹೊಡೆದಾಗಿತ್ತು.

ಅಣ್ಣನಿಗೆ ಚರ್ಚಿನ ಹತ್ತಿರ ಬಾ, ಸಹಿ ಹಾಕುವುದಿದೆ ಎಂದು ಹೇಳಿಕಳಿಸಿ ಬಂದಿದ್ದೆ. ಅವನು ಇನ್ನೂ ಬಂದಿರಲಿಲ್ಲ. ಅದಕ್ಕೇ ಬಾಗಿಲಲ್ಲಿ ನಿಂತಿದ್ದೆ. ಅದಕ್ಕೇ ಮುದುಕಿ ಕಣ್ಣಿಗೆ ಬಿದ್ದಳು.

ನಾನು ಜನ ಕೂತದ್ದನ್ನು ಮತ್ತೆ ನೋಡಿದೆ.

ಸಾಲು ಸಾಲಾಗಿ ಕೂತಿದ್ದರು. ಆದರೆ ಸಾಲಿನ ನಡುವೆ ಅಲ್ಲಲ್ಲಿ ಬಾಯಲ್ಲಿ ಹಲ್ಲು ಬಿದ್ದ ಹಾಗೆ ಜಾಗ ಖಾಲಿ ಇತ್ತು. ಚಾಪೆಗಳನ್ನೂ ಆ ಜಾಗ ಬಿಟ್ಟೇ ಹಾಸಿದ್ದರು. ಖಾಲಿ ಜಾಗಗಳು ಎಲ್ಲವೂ ಉತ್ತರದ ಗೋಡೆಯ ಉದ್ದಕ್ಕೆ, ಒಂದೊಂದು ಕಿಟಕಿಗೆ ಒಂದೊಂದು. ಎಲ್ಲ ಕಡೆಯೂ ನೆಲದಲ್ಲಿ ಒಂದು ಅಗಲವಾದ ಪರಸಿ ಕಲ್ಲು, ಉಳಿದ ಕಲ್ಲುಗಳಿಗಿಂತ ದೊಡ್ಡದು. ಕಂಕುಳಲ್ಲಿ ಕೂಸು ಇಟ್ಟುಕೊಂಡ ಹೆಂಗಸು ಕೂಡ ಇಕ್ಕಟ್ಟಿನಲ್ಲಿ ಮುದುಡಿ ಕೂತಿದ್ದಳೇ ಹೊರತು ಪಕ್ಕದ ಖಾಲಿ ಪರಸಿಯ ಮೇಲೆ ಸರಿದಿರಲಿಲ್ಲ.

ಚಂದವ್ವ ಮಾತ್ರ ಅಂಥ ಒಂದು ಪರಸಿಯ ಮೇಲೆಯೇ, ನಟ್ಟನಡುವೆ, ಚಾಪೆ ಹಾಸಿ ಕೂತಿದ್ದಳು.

ಪಂಚನಾಮೆಗೆ ಮೊದಲ ಸಲ ಬಂದ ದಿನ ನೆನಪಾಯಿತು. ನಮ್ಮ ಕಾನ್‌ಸ್ಟೇಬಲ್ ಒಬ್ಬ ಅಂಥದೇ ಪರಸಿಯ ಮೇಲೆ ಕಾಲಿಟ್ಟಿದ್ದ. ಇದೇ ಮುದುಕಿ ಅವನ ಮೇಲೆ ಹರಿಹಾಯ್ದಿದ್ದಳು. "ಕಣ್ಣ ಕಾಣೂದಿಲ್ಲೇನ? ದಾಟಬ್ಯಾಡ, ಸುತ್ತಿ ಬಾ." ಅವನು ಹೆದರಿ ಒಂಟಿಗಾಲಲ್ಲಿ ಕುಪ್ಪಳಿಸಿದ್ದ. ನಾವೆಲ್ಲ ನಕ್ಕಿದ್ದೆವು.

ಅವತ್ತು ದಾಟಬಾರದ ಕಲ್ಲಿನ ಮೇಲೆ ಇವತ್ತು ಅವಳೇ ಹೇಗೆ ಕೂತಳು?

ಪ್ರಾರ್ಥನೆ ಮುಗಿಯಿತು. ಜನ ಎದ್ದು ಹೊರಗೆ ಹೋಗತೊಡಗಿದರು. ಚಂದವ್ವ ಏಳಲಿಲ್ಲ.

ಪಾಸ್ಟರ್ ಆನಂದ ನನ್ನ ಹತ್ತಿರ ಬಂದರು. ಧಾರವಾಡದ ಕಡೆಯವರು, ಈ ಊರಿಗೆ ಬಂದು ಹೆಚ್ಚು ದಿನವಾಗಿಲ್ಲ. ಒಳ್ಳೆಯ ಮನುಷ್ಯ, ಮಾತು ಸ್ವಲ್ಪ ಹೆಚ್ಚು. ಗಂಟೆಗೂಡು ಬಿರುಕು ಬಿಟ್ಟಿದೆ, ಗಂಟೆಯನ್ನು ಇಳಿಸಿ ದೊಡ್ಡ ಊರಿನ ಚರ್ಚಿಗೆ ಕೊಟ್ಟುಬಿಡೋಣ, ಇಲ್ಲಿ ಸ್ಪೀಕರಿನಲ್ಲಿ ಗಂಟೆಯ ಸದ್ದು ಹಾಕಿದರಾಯಿತು ಎಂದು ಕಮಿಟಿಯನ್ನು ಒಪ್ಪಿಸಿದವರು ಅವರೇ. ಇಳಿಸಬೇಕಾದ ದಿನ ಬೆಳಿಗ್ಗೆ ನೋಡಿದರೆ ಗಂಟೆ ಇರಲಿಲ್ಲ.

"ಏನ್ ಸಾಹೇಬ್ರ, ಕಟ್ಟಡ ನೋಡಾಕತ್ತೀರೇನು?" ಎಂದರು. "ನೋಡೂ ಹಂಗ ಐತ್ರಿ. ಈ ಕೆಂಪು ಕಲ್ಲು ಇಲ್ಲೇ ಗುಡ್ಡದ್ದು. ಮ್ಯಾಲಿನ ಸಾಗವಾನಿ ತೊಲಿ, ಹಂಚು ಎಲ್ಲಾ ಸಮುದ್ರದ ಕಡಿಯಿಂದ ಬಂಡಿ ಮ್ಯಾಲೆ ತಂದದ್ದಂತ. ಗ್ವಾಡಿ ದಪ್ಪ ನೋಡ್ರಿ, ಬೇಸಿಗ್ಯಾಗ ಒಳಗ ತಣ್ಣಗ ಇರ್ತೈತಿ."

"ಈ ಕಿಟಕಿ ಯಾಕ ಹಿಂಗ ಅದಾವ್ರಿ?"

ನಾನು ಉತ್ತರದ ಗೋಡೆ ತೋರಿಸಿದೆ. ದಕ್ಷಿಣದ ಗೋಡೆಯಲ್ಲಿ ಕಿಟಕಿಗಳು ಎತ್ತರದಲ್ಲಿದ್ದವು, ಮೇಲೆ ಮೊನಚಾದ ಕಮಾನು, ಚರ್ಚಿಗೆ ಇರಬೇಕಾದ ಹಾಗೆ. ಉತ್ತರದ ಕಿಟಕಿಗಳು ನನ್ನ ಮೊಣಕಾಲಿನ ಕೆಳಗೆ ಶುರುವಾಗಿ ಸೊಂಟದ ಹತ್ತಿರ ಮುಗಿಯುತ್ತಿದ್ದವು. ನಾಯಿ, ಬೆಕ್ಕು ಇಣುಕಿ ನೋಡಲು ಮಾಡಿಸಿದ ಹಾಗೆ.

ಪಾಸ್ಟರ್ ಖುಷಿಯಾದರು. ಇದು ಅವರು ಬಂದವರಿಗೆಲ್ಲ ಹೇಳುವ ಕಥೆ ಇರಬೇಕು. "ಅದು ದೊಡ್ಡ ಮಾತ್ರಿ. ಆಗಿನ ಕಾಲಕ್ಕ ಒಳಗ ಬರಾಕ ಅಂಜತಿದ್ದ ಮಂದಿ ಹೊರಗ ನೆಲದ ಮ್ಯಾಲೆ ಕುಂತು ವಾಕ್ಯ ಕೇಳಲಿ ಅಂತ ಮಿಶನ್ ಪಾದ್ರಿಗಳು ಕೆಳಗ ಕಿಟಕಿ ಇಡಿಸಿದ್ರಂತ. ಪ್ರೀತಿ ನೋಡ್ರಿ ಅವರದು."

ಚೆನ್ನಾದ ಕಥೆ. ನಾನೂ ನಂಬುತ್ತಿದ್ದೆ. ಆದರೆ ಅಣ್ಣ ಬರುವವರೆಗೆ ಮಾಡಲು ಬೇರೆ ಕೆಲಸವಿರಲಿಲ್ಲ. ನಾನು ಆ ಕಿಟಕಿಯ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. ಹೊರಗಿನ ಬೆಳಕು ಕಣ್ಣಿಗೆ ಹೊಡೆಯಲಿಲ್ಲ. ಮುಖದ ಕೆಳಗೆ, ನೇರವಾಗಿ ತೊಡೆಯ ಮೇಲೆ ಬಿತ್ತು. ಬಿಸಿಲಲ್ಲ, ಬರೀ ಬೆಳಕು. ಮಧ್ಯಾಹ್ನವಾದರೂ ಸಂಜೆಯಾದರೂ ಅಲ್ಲಾಡದ ಬೆಳಕು.

ಈ ಬೆಳಕು ನನಗೆ ಗೊತ್ತಿತ್ತು.

ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಅಪ್ಪನ ಮಗ್ಗ ಇತ್ತು. ನಾವು ಬೀರಪ್ಪನ ಒಕ್ಕಲು. ಕುರಿ ಕಾಯುವುದರ ಜೊತೆಗೆ ಅಪ್ಪ ಕಂಬಳಿ ನೇಯುತ್ತಿದ್ದ. ಕೈಮಗ್ಗಕ್ಕೆ ನೆಲದಲ್ಲಿ ಕುಣಿ ತೋಡಿರುತ್ತಾರೆ. ನೇಕಾರ ಅದರ ದಂಡೆಯ ಮೇಲೆ ಕೂತು ಕಾಲು ಕುಣಿಯೊಳಗೆ ಇಳಿಬಿಟ್ಟುಕೊಂಡು ತುಳಿಯುತ್ತಾನೆ. ನೂಲು ಹಾಸಿರುವುದು ನೆಲದಿಂದ ಒಂದು ಗೇಣು ಮೇಲೆ. ಆಳೆತ್ತರದ ಕಿಟಕಿಯ ಬೆಳಕು ಅವನ ನೆತ್ತಿಯ ಮೇಲೆ ಹಾದುಹೋಗುತ್ತದೆ. ಅವನಿಗೆ ಬೆಳಕು ಬೇಕಾದದ್ದು ತೊಡೆಯ ಹತ್ತಿರ. ಅದಕ್ಕೇ ನಮ್ಮ ಮನೆಯಲ್ಲೂ ಉತ್ತರದ ಗೋಡೆಯಲ್ಲಿ ಕೆಳಗೆ ಒಂದು ಬೆಳಕಿಂಡಿ ಇತ್ತು.

ಇನ್ನೊಂದು ಮಾತೂ ನೆನಪಾಯಿತು. ಸಣ್ಣವನಿದ್ದಾಗ ಅಪ್ಪ ಎದ್ದು ಹೋದಾಗ ನಾನು ಆ ಕುಣಿಯನ್ನು ಜಿಗಿದು ದಾಟಿದ್ದೆ. ಅವ್ವ ಕಟ್ಟಿಗೆ ತೆಗೆದುಕೊಂಡು ಬೆನ್ನಿಗೆ ಬಾರಿಸಿದ್ದಳು. ಅನ್ನ ಕೊಡುವ ಕುಣಿಯನ್ನು ದಾಟಬಾರದು. ಖಾಲಿ ಇದ್ದಾಗ ಅದರ ಮೇಲೆ ಹಲಗೆ ಮುಚ್ಚುತ್ತಾರೆ. ಆ ಹಲಗೆಯ ಮೇಲೂ ಯಾರೂ ಕೂರುವುದಿಲ್ಲ.

ನಾನು ಎದ್ದೆ. "ಪಾಸ್ಟರ್, ಇದು ಚರ್ಚಂತ ಕಟ್ಟಿದ್ದಲ್ರಿ."

"ಏನಂದ್ರಿ?"

"ಮಗ್ಗದ ಮನಿ ಇದು. ಕಿಟಕಿಗೊಂದು ಮಗ್ಗ ಇತ್ತು. ಈ ಅಗಲ ಪರಸಿ ಐತಲ್ಲ, ಇದರ ಬುಡಕ ಕುಣಿ ಐತಿ."

ಪಾಸ್ಟರ್ ಕಿಟಕಿ ನೋಡಿದರು, ಪರಸಿ ನೋಡಿದರು. ತಮ್ಮ ಕಥೆ ಹೋಯಿತಲ್ಲ ಎಂಬ ಬೇಸರ ಅವರ ಮುಖದ ಮೇಲೆ ಎದ್ದು ಕಾಣುತ್ತಿತ್ತು.

ನಾನು ಚಂದವ್ವನ ಮುಂದೆ ಹೋಗಿ ನಿಂತೆ.

"ಆಯಿ, ಏಳು."

"ಮೊಣಕಾಲು ಹಿಡದಾವ ತಮ್ಮಾ. ಒಂದೀಟ ಕುಂದರತೇನಿ."

"ಇಲ್ಲೇ ಯಾಕ ಕುಂತಿ?"

"ದೇವರ ಮನ್ಯಾಗ ಎಲ್ಲಿ ಕುಂತರ ಏನು?"

"ಮೊನ್ನೆ ನಮ್ಮ ಹುಡುಗ ದಾಟಿದ್ದಕ್ಕ ಅವನ ಜೀವಾ ತಿಂದಿ. ಇವತ್ತ ನೀನ ಮ್ಯಾಲೆ ಕುಂತೀಯಲ್ಲ."

ಅವಳು ಸೆರಗು ಸರಿಮಾಡಿಕೊಂಡಳು. ಮುಖ ಬಿಳಿಚಿತ್ತು. ಆದರೂ ದನಿ ಗಟ್ಟಿಯಿತ್ತು.

"ನಿಮ್ಮವ್ವ ರಂಗವ್ವ ಆರಾಮ ಅದಾಳೇನ?"

"ಮಾತ ತಪ್ಪಸಬ್ಯಾಡ."

"ತಪ್ಪಸವಲ್ಲೆ. ಕೇಳಾಕತ್ತೇನಿ."

"ಆರಾಮ ಅದಾಳ. ಏಳ ಈಗ."

"ಸಾಹೇಬ್ರ, ವಯಸ್ಸಾದ ಜೀವ, ಸ್ವಲ್ಪ ಸಮಾಧಾನದಿಂದ..." ಎಂದರು ಪಾಸ್ಟರ್.

ನನ್ನ ಸಿಟ್ಟು ನನಗೆ ಗೊತ್ತು. ಅದು ಹೊಟ್ಟೆಯಿಂದ ಶುರುವಾಗಿ ಕೈಗೆ ಇಳಿಯುತ್ತದೆ. ನಿನ್ನೆಯೂ ಹಾಗೆಯೇ ಆಗಿತ್ತು. ಕೈಗಳನ್ನು ಹಿಂದೆ ಕಟ್ಟಿಕೊಂಡೆ.

"ಆಯಿ, ಒಬ್ಬ ಮನಷ್ಯಾ ಲಾಕಪ್ನ್ಯಾಗ ಕುಂತಾನ. ಅವನ ಮಗಳು ಹಡದ ಮಲಗ್ಯಾಳ. ಮಧ್ಯಾಹ್ನ ಅವನ್ನ ಕೋರ್ಟಿಗೆ ಒಯ್ತಾರ. ನೀ ಏಳಲಿಲ್ಲಂದ್ರ ನಾ ಎತ್ತಿ ಆಚೆ ಕುಂದರಸತೇನಿ."

ಚಂದವ್ವ ತಲೆ ತಗ್ಗಿಸಿದಳು. ಆಮೇಲೆ ಕೈಯೂರಿ ತಾನಾಗಿಯೇ ಎದ್ದಳು. ಮೊಣಕಾಲು ಹಿಡಿದದ್ದು ಸುಳ್ಳಾಗಿರಲಿಲ್ಲ, ಎರಡು ಸಲ ಜೋಲಿ ಹೋಯಿತು. ಪಾಸ್ಟರ್ ಹಿಡಿದುಕೊಂಡರು.

ನಾನು ಚಾಪೆ ಸರಿಸಿದೆ.

ಪರಸಿಯ ಸುತ್ತ ಸಂದಿಗೆ ಹೊಸ ಸಿಮೆಂಟು ಮೆತ್ತಿತ್ತು. ಇನ್ನೂ ಬಣ್ಣ ಹಸಿಯಾಗಿತ್ತು. ಬಗ್ಗಿ ನೋಡಿದೆ. ಕರಣಿಯಿಂದ ಎಳೆದ ಗುರುತು ಒಂದೂ ಇರಲಿಲ್ಲ. ಉದ್ದಕ್ಕೂ ಮೂರು ಬೆರಳಿನ ಗೆರೆ, ಒಲೆ ಸಾರಿಸಿದ ಹಾಗೆ. ಮೂಲೆಯಲ್ಲಿ ಬೆರಳು ತಿರುಗಿಸಿದ ಕಡೆ ಬಳೆ ತಗುಲಿದ ಸಣ್ಣ ಗುರುತೂ ಇತ್ತು.

ಯಾವ ಗೌಂಡಿಯೂ ಹೀಗೆ ಸಿಮೆಂಟು ಮೆತ್ತುವುದಿಲ್ಲ.

ಆ ಮೂರು ಗೆರೆ ನೋಡುತ್ತ ಕೂತವನಿಗೆ ಅಮೀನಗಡದ ರಸ್ತೆ ಕಣ್ಣಿಗೆ ಬಂತು. ಬೂಟಿನ ಕೆಳಗೆ ಕರದಂಟು ಒಡೆದ ಸದ್ದು ಕಿವಿಗೆ ಬಂತು. ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದವರಲ್ಲಿ ಒಬ್ಬ "ಇವರೆಲ್ಲಾ ಹಿಂಗ ಬಿಡ್ರಿ" ಎಂದಿದ್ದ. ನಾನು ಅವನ ಬಾಯಿ ಮುಚ್ಚಿಸಿರಲಿಲ್ಲ. ಅವನ ಮಾತು ನನಗೆ ಹಿತವಾಗಿತ್ತು.

"ಗಂಟಿ ಇದರಾಗ ಐತೇನು?" ಎಂದೆ.

ಚಂದವ್ವ ಹೌದೆಂದು ತಲೆಯಾಡಿಸಿದಳು.

"ದೇವರೇ," ಎಂದು ಪಾಸ್ಟರ್ ಅಲ್ಲೇ ಕೂತುಬಿಟ್ಟರು. "ಯಾಕ ಆಯಿ?"

"ನೀವು ಅದನ್ನ ಕೊಟ್ಟ ಕಳಸ್ತೀರಲ್ರಿ, ಅದಕ್ಕ." ಅವಳು ಪಾಸ್ಟರ ಕಡೆ ನೋಡದೆ ಪರಸಿಯ ಕಡೆ ನೋಡಿ ಹೇಳಿದಳು. "ನಮ್ಮ ಅತ್ತಿ ಹೇಳತಿದ್ಲು. ಹೊಟ್ಟಿಗಿಲ್ಲದ ಕಾಲದಾಗ ಮಿಶನ್‌ನವ್ರು ಈ ಮಗ್ಗದ ಮನಿ ಕಟ್ಟಿ ಕೆಲಸ ಕೊಟ್ರಂತ. ಆ ಗಂಟಿ ಹೊಡದಿದ್ದು ಮೊದಲ ಮಗ್ಗಕ್ಕ ಮಂದಿನ್ನ ಕರ್ಯಾಕ. ಪ್ರಾರ್ಥನಾ ಎಲ್ಲಾ ಆಮ್ಯಾಲಿಂದು. ಚರ್ಚ್ ಮಾಡೂ ಮುಂದ ಕುಣಿಗೆ ಮಣ್ಣ ತುಂಬ್ರಿ ಅಂದ್ರ ನಮ್ಮ ಹಿರ್ಯಾರು ಒಪ್ಪಲಿಲ್ಲ. ಅನ್ನಾ ಕೊಟ್ಟದ್ದಕ್ಕ ಮಣ್ಣ ಹಾಕತಾರೇನು? ಪರಸಿ ಮುಚ್ಚಿದ್ರು, ಸುತ್ತ ಕುಂತ ಪ್ರಾರ್ಥನಾ ಮಾಡಿದ್ರು. ಇಷ್ಟ ವರ್ಷ ಯಾರೂ ಮ್ಯಾಲೆ ಕುಂತಿಲ್ಲ."

"ನೀ ಕುಂತಿ."

"ನಾ ಕುಂತೆ." ಅವಳ ಕಣ್ಣಲ್ಲಿ ನೀರು ಬಂತು. "ಆ ಸಾಬರ ಮನಷ್ಯಾಗ ನೀ ಬಡದ ಸುದ್ದಿ ನಿನ್ನೆ ಸಂಜಿಗೆ ಕೇಳಿದೆ. ಬಂದು ಹೇಳಬೇಕಾಗಿತ್ತು. ಹೇಳಲಿಲ್ಲ. ರಾತ್ರೆಲ್ಲಾ ಎದ್ದ ಕುಂತೆ. ಮುಂಜಾನೆ ನೀ ಬಂದದ್ದ ನೋಡಿ ನಿನಗ ಸಿಮೆಂಟ ಕಂಡೀತು ಅಂತ ಇದರ ಮ್ಯಾಲ ಕುಂತೆ."

ಅವಳಿಗೂ ನನಗೂ ಇದ್ದದ್ದು ಒಂದೇ ನಾಚಿಕೆ. ಅವಳು ಬಾಯಿ ತೆರೆಯಲಿಲ್ಲ, ನಾನು ಕೈ ತಡೆಯಲಿಲ್ಲ.

"ಒಬ್ಬಾಕಿನ ಇಳಿಸಿದೇನು?"

ಗಂಟೆ ಇಳಿಸಲು ರಮಜಾನ ಕಟ್ಟಿದ್ದ ಚೈನು ರಾಟೆ ಗಂಟೆಗೂಡಿಗೆ ಇನ್ನೂ ಜೋತುಬಿದ್ದಿತ್ತು. ದೊಡ್ಡ ಕೊಡದಷ್ಟು ಗಾತ್ರದ ಗಂಟೆ ಅದು. ಆ ರಾಟೆಯಿಂದ ಹೆಂಗಸರೂ ಇಳಿಸಬಹುದು. ಆದರೆ ಕೆಳಗೆ ಅದನ್ನು ತಡೆದು ಹಿಡಿಯಲು, ಒಳಗೆ ಎಳೆದು ತರಲು, ಪರಸಿ ಮೀಟಲು ಇನ್ನೊಂದು ಜೋಡಿ ಕೈ ಬೇಕೇ ಬೇಕು.

"ಇನ್ನೊಬ್ರು ಯಾರು?"

"ಅದನ್ನ ಕೇಳಬ್ಯಾಡ."

"ಆಯಿ, ನಿನ್ನ ಒಬ್ಬಾಕಿನ್ನ ಒಯ್ಯಬೇಕಾಗತೈತಿ."

"ಒಯ್ಯಿ. ನಾ ಯಾರ ಹೆಸರೂ ಹೇಳೂದಿಲ್ಲ." ಆಮೇಲೆ ಅವಳು ನನ್ನ ತೋಳು ಹಿಡಿದುಕೊಂಡಳು. ಕೈ ತಣ್ಣಗಿತ್ತು. "ತಮ್ಮಾ, ಒಂದ ಮಾತ ಕೇಳು. ಪಾಸ್ಟರನ್ನೂ ಹೊರಗ ಕಳಸು. ಬಾಗಲಾ ಹಾಕು. ನೀ ಒಬ್ಬನ ತೆಗಿ."

ನಾನು ಅವಳ ಮಾತು ಕೇಳಬೇಕಿತ್ತು.

ಆದರೆ ನನ್ನ ತಲೆಯಲ್ಲಿ ರಮಜಾನನ ಕೆನ್ನೆ ಕೂತಿತ್ತು. "ಅವನ್ನ ಮಂದಿ ಮುಂದ ಹೊಡದೇನಿ," ಎಂದೆ. "ಇದನ್ನೂ ಮಂದಿ ಮುಂದ ತೆಗೀತೇನಿ. ಯಾರ ಮಾನಾ ಹೋಗತೈತಿ ಹೋಗಲಿ."

"ಬೀರಪ್ಪಾ," ಎಂದಳು ಅವಳು. ನಾನು ಸಣ್ಣವನಿದ್ದಾಗ, ನಮ್ಮ ಅವ್ವನ ಜೊತೆ ಹರಟಲು ಬಂದಾಗ ಕರೆಯುತ್ತಿದ್ದ ಹಾಗೆ. ನಾನು ತೋಳು ಬಿಡಿಸಿಕೊಂಡು ಬಾಗಿಲಿಗೆ ಹೋಗಿ ಎಲ್ಲರನ್ನೂ ಒಳಗೆ ಕರೆದೆ.

ಜನ ಬಂದು ಗೋಡೆಗೆ ಒತ್ತಿಕೊಂಡು ನಿಂತರು. ಪರಸಿಯನ್ನು ನೋಡಿದ್ದೇ ಮುದುಕರಲ್ಲಿ ಗುಸುಗುಸು ಶುರುವಾಯಿತು. ರಮಜಾನನ ಸಾಮಾನು ಹೊರಗೆ ಗೋಡೆಯ ಪಕ್ಕ ಗೋಣಿಚೀಲದಲ್ಲಿ ಸುತ್ತಿ ಇಟ್ಟ ಹಾಗೇ ಇತ್ತು. ಅದರಿಂದ ಹಾರೆ ತೆಗೆದುಕೊಂಡು ಬಂದೆ. ಹಿಡಿಯುವ ಕಡೆ ಅವನ ಕೈ ತಾಗಿ ತಾಗಿ ನುಣುಪಾಗಿತ್ತು. ಅದನ್ನು ಹಿಡಿಯಲು ನನ್ನ ಕೈಗೆ ಹೇಸಿಗೆಯಾಯಿತು. ಅವನ ಬಗ್ಗೆ ಅಲ್ಲ, ನನ್ನ ಕೈಯ ಬಗ್ಗೆ.

ಮೊದಲು ನೆಲ ಮುಟ್ಟಿ ಹಣೆಗೆ ಒತ್ತಿಕೊಂಡೆ. ಯಾಕೆ ಮಾಡಿದೆನೋ, ಅಭ್ಯಾಸ. ಗುಸುಗುಸು ನಿಂತಿತು.

ಸಂದಿಗೆ ಹಾರೆ ಇಟ್ಟು ಮೀಟಿದೆ. ಪಾಸ್ಟರ್ ಅಂಗಿಯ ತೋಳು ಮಡಚಿಕೊಂಡು ಇನ್ನೊಂದು ಕಡೆ ಹಿಡಿದರು. ಪರಸಿ ಎದ್ದು ಪಕ್ಕಕ್ಕೆ ಜಾರಿತು. ಒಳಗಿನಿಂದ ಹಳೆಯ ಮಣ್ಣಿನ ವಾಸನೆ ಬಂತು. ನಾಲ್ಕೂ ಕಡೆ ಕೆಂಪು ಕಲ್ಲಿನಿಂದ ಕಟ್ಟಿದ ಅಚ್ಚುಕಟ್ಟಾದ ಕುಣಿ. ಒಂದು ಬದಿಯ ಕಲ್ಲು ನೇಕಾರರ ಕಾಲು ತಾಗಿ ತಾಗಿ ಬಟ್ಟಲಿನ ಹಾಗೆ ಸವೆದಿತ್ತು.

ನಡುವೆ ಕರಿ ಕಂಬಳಿ ಸುತ್ತಿದ ಗಂಟೆ ಕೂತಿತ್ತು.

"ಐತಿ. ಗಂಟಿ ಐತಿ," ಎಂದು ಯಾರೋ ಹೇಳಿದರು. ಒಬ್ಬ ಹೆಂಗಸು ಅಳತೊಡಗಿದಳು. ಪಾಸ್ಟರ್ ತಮ್ಮ ಡೈರಿಯಿಂದ ಹಾಳೆ ಹರಿದು ಪಂಚನಾಮೆ ಬರೆದುಕೊಳ್ಳಲು ಸಿದ್ಧರಾದರು. ಆ ಗಳಿಗೆಯಲ್ಲಿ ನನಗೆ ಹಗುರಾಯಿತು. ರಮಜಾನ ಇವತ್ತು ಜೈಲಿಗೆ ಹೋಗುವುದಿಲ್ಲ. ಅವನ ಕಾಲಿಗೆ ಬಿದ್ದರೂ ಚಿಂತೆಯಿಲ್ಲ. ಅಮೀನಗಡದ ಅದೇ ಅಂಗಡಿಯ ಮುಂದೆ, ಅದೇ ಮಂದಿಯ ನಡುವೆ.

ಫೋನು ತೆಗೆದು ಪದ್ಮಜಾ ಮೇಡಂಗೆ ಹಚ್ಚಿದೆ. ಕಿವಿಗೂ ಭುಜಕ್ಕೂ ನಡುವೆ ಇಟ್ಟುಕೊಂಡು, ಬಗ್ಗಿ ಕಂಬಳಿಯ ತುದಿ ಬಿಚ್ಚತೊಡಗಿದೆ.

"ಹೇಳ್ರಿ ಬೀರಲಿಂಗಪ್ಪನವರ. ಗಾಡಿ ಬಂದು ನಿಂತದ ಇಲ್ಲೆ."

"ಮೇಡಂ, ಗಂಟಿ ಸಿಕ್ಕೈತ್ರಿ. ಚರ್ಚಿನ ಒಳಗ. ರಮಜಾನ ಒಯ್ದಿಲ್ರಿ."

"ಏನಂದ್ರಿ? ಮತ್ತ ಯಾರು?"

"ಒಬ್ಬಾಕಿ ಇಲ್ಲೇ ಅದಾಳ್ರಿ. ಇನ್ನೊಬ್ರು..."

ಮಾತು ಅಲ್ಲಿಗೇ ನಿಂತಿತು. ಕಂಬಳಿಯ ಮೂಲೆಯ ಕುಚ್ಚು ನನ್ನ ಬೆರಳಿನ ನಡುವೆ ಇತ್ತು.

ಕಂಬಳಿ ನೇಯುವವರು ತುದಿಯ ನೂಲನ್ನು ಹುರಿ ಮಾಡಿ ಕುಚ್ಚು ಬಿಡುತ್ತಾರೆ. ಎಲ್ಲರ ಕಂಬಳಿಯೂ ಕರಿಯೇ. ಜಾತ್ರೆಯಲ್ಲೋ ಕುರಿಹಟ್ಟಿಯಲ್ಲೋ ಅದಲುಬದಲಾಗಬಾರದೆಂದು ಅಪ್ಪ ಮೂಲೆಯ ಕುಚ್ಚಿಗೆ ಬಿಳಿ ಮರಿಯ ಉಣ್ಣೆಯ ಒಂದು ಎಳೆ ಸೇರಿಸಿ ಹೊಸೆಯುತ್ತಿದ್ದ. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಅಪ್ಪ ಹೋದಾಗ ಅವನು ನೇಯ್ದ ಕಂಬಳಿಗಳಲ್ಲಿ ಎರಡು ಮಾತ್ರ ಉಳಿದಿದ್ದವು. ಅಣ್ಣನಿಗೊಂದು, ನನಗೊಂದು.

ನನ್ನ ಬೆರಳಿನ ನಡುವೆ ಬಿಳಿ ಎಳೆ ಇತ್ತು.

ನನ್ನದು ಮನೆಯಲ್ಲಿ ಪೆಟ್ಟಿಗೆಯಲ್ಲಿದೆ. ಹಾಗಾದರೆ ಇದು ಮಾಳಿಂಗಪ್ಪನದು. ಚರ್ಚಿನ ಹಿಂದೆಯೇ ಹಿಂಡು ನಿಲ್ಲಿಸಿದ ನನ್ನ ಅಣ್ಣ. ತಾನೇ ಗಂಟೆ ಇಳಿಸಿ, ಪಾಪದ ಗೌಂಡಿಯ ಮೇಲೆ ಸುಳ್ಳು ಹೇಳಿದ ನನ್ನ ಅಣ್ಣ. ಸಿಟ್ಟು ಹೊಟ್ಟೆಯಿಂದ ಎದ್ದು ಕೈಗೆ ಇಳಿಯಿತು.

"ಹಲೋ? ಇನ್ನೊಬ್ರು ಯಾರ್ರಿ?" ಎಂದರು ಮೇಡಂ. "ಪೂರಾ ಹೇಳ್ರಿ. ಅರ್ಧಾ ಮಾತಿಗೆ ನಾ ಅವನ್ನ ಬಿಡಾಕ ಬರೂದಿಲ್ಲ."

"ಸಾಹೇಬ್ರ, ಕಂಬಳಿ ಯಾರದಂತ ಬರೀಲಿ?" ಎಂದರು ಪಾಸ್ಟರ್, ಪೆನ್ನು ಹಿಡಿದು.

ಬಾಗಿಲ ಹತ್ತಿರ ಜನ ಸರಿದರು. ಯಾರೋ ಒಳಗೆ ಬರುತ್ತಿದ್ದರು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಕೋಲನ್ನು ಗೋಡೆಗೆ ಆನಿಸಿ, ಮಾಳಿಂಗಪ್ಪ ಒಳಗೆ ಬಂದ.

ಅವನ ಹೆಗಲ ಮೇಲೆ ಕರಿ ಕಂಬಳಿ ಇತ್ತು. ಅದರ ಮೂಲೆ ಎದೆಯ ಮೇಲೆ ಜೋತುಬಿದ್ದಿತ್ತು. ಕುಚ್ಚಿನಲ್ಲಿ ಬಿಳಿ ಎಳೆ.

"ಏನಲೇ ತಮ್ಮಾ, ಸಹಿ ಅಂತ ಹೇಳಿಕಳಸಿದ್ಯಂತ. ಎದರ ಸಹಿ?" ಎಂದ.

ಫೋನು ಕೈಗೆ ತೆಗೆದುಕೊಂಡೆ. "ಆವತ್ತ ರಾತ್ರಿ ನೀ ನೋಡಿದ್ದಕ್ಕ."

"ಏನ ನೋಡೇನಿ?"

"ರಮಜಾನ ಗಾಡ್ಯಾಗ ಹೇರಕೊಂಡ ಹೋದದ್ದು."

ಅಣ್ಣ ಸುತ್ತ ನಿಂತವರನ್ನು ನೋಡಿದ, ತೆರೆದ ಕುಣಿಯನ್ನು ನೋಡಿದ, ನನ್ನನ್ನು ನೋಡಿದ. "ತಲಿ ಸರಿ ಐತೇನ ನಿಂದು? ನಾ ಆವತ್ತ ಮರಿ ಬ್ಯಾನಿಬಿದ್ದಾವಂತ ಗುಳೇದಗುಡ್ಡಕ್ಕ ಔಷಧಕ್ಕ ಹೋಗಿದ್ದೆ. ಹಿಂಡು ಕಾದಾಕಿ ಅವ್ವ. ನಾ ಏನೂ ನೋಡಿಲ್ಲ. ಯಾರ ಮುಂದೂ ಏನೂ ಹೇಳಿಲ್ಲ."

ಚಂದವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನನ್ನ ಕೈಯಲ್ಲಿದ್ದ ಕಂಬಳಿಯನ್ನು ಮೂಗಿನ ಹತ್ತಿರ ತರಬೇಕಾಗಿರಲಿಲ್ಲ. ಕುಣಿಯಿಂದ ಎದ್ದ ಮಣ್ಣಿನ ವಾಸನೆಯ ಜೊತೆ ಇನ್ನೊಂದು ವಾಸನೆಯೂ ಬಂದಿತ್ತು. ದಿನವೂ ನಾನು ತಲೆಗೆ ಹಚ್ಚಿಕೊಳ್ಳುವ ಎಣ್ಣೆಯದು.

ಬೇವಿನೆಲೆಯ ವಾಸನೆ ಮಾತ್ರ ಇರಲಿಲ್ಲ. ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ ಎಂದು ಅವ್ವ ಹೇಳಿದ ನನ್ನ ಕಂಬಳಿ ಇದು.

"ಬೀರಲಿಂಗಪ್ಪನವರ," ಪದ್ಮಜಾ ಮೇಡಂ ದನಿ ಏರಿಸದೆ ಹೇಳಿದರು, "ರಮಜಾನನ್ನ ಗಾಡಿ ಹತ್ತಸ್ಯಾರ. ಹೆಸರು ಹೇಳ್ತೀರೋ, ಕಳಸಲೋ?"

ಪಾಸ್ಟರ್ ಪೆನ್ನು ಹಾಳೆಯ ಮೇಲೆ ಇಟ್ಟು ಕಾಯುತ್ತಿದ್ದರು. ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ಅವರನ್ನೆಲ್ಲ ಒಳಗೆ ಕರೆದವನು ನಾನೇ.

ಫೋನಿನಲ್ಲಿ, ಠಾಣೆಯ ಅಂಗಳದಲ್ಲಿ, ಗಾಡಿ ಚಾಲೂ ಆದ ಸದ್ದು ಕೇಳಿಸಿತು.